ಮನೆಗೆ ಬರುವ ಆರೈಕೆ: ಪ್ಲೇನ್ಸ್‌ನಲ್ಲಿ ಕಾರ್ಟರ್, ಕಲಬುರಗಿಯಲ್ಲಿ ನಮ್ಮ ಅಪ್ಪ

2023ರ ಆಗಸ್ಟ್ ಕೊನೆಯ ವಾರದಿಂದ 2024ರ ನವೆಂಬರ್ ಎರಡನೆಯ ವಾರದವರೆಗೆ, ಹತ್ತಿರ ಹತ್ತಿರ ಹದಿನೈದು ತಿಂಗಳು, ಕಲಬುರಗಿಯ ಒಂದು ಮನೆ ಆರೈಕೆ ತಂಡದ ಸೇವೆಯನ್ನು ನಮ್ಮ ಅಪ್ಪನಿಗಾಗಿ ಪಡೆದೆವು. ಬ್ರಹ್ಮಪುರದ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ, ಅಪ್ಪ ಮಲಗಿದ್ದ ಮಂಚದ ಸುತ್ತ ನಡೆದ ಆ ಸೇವೆ ಹೇಗಿತ್ತು, ಎಷ್ಟು ಖರ್ಚಾಯಿತು, ಎಲ್ಲಿ ನಮ್ಮನ್ನು ಉಳಿಸಿತು, ಎಲ್ಲಿ ಕೈಕೊಟ್ಟಿತು ಎಂಬುದನ್ನು, ಇದೇ ಸ್ಥಿತಿಯಲ್ಲಿರುವ ಮನೆಗಳಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಇದಕ್ಕೂ ಮುಂಚೆ ಎರಡು ತಿಂಗಳು ಬೇರೊಂದು ಏಜೆನ್ಸಿಯವರನ್ನು ಕರೆಸಿ ನೊಂದಿದ್ದೆವು. ಆ ಸಂಗತಿಯೂ ಬರುತ್ತದೆ. ಎರಡರ ಹೆಸರನ್ನೂ ಬರೆದಿಲ್ಲ. ಇಂಥ ತಂಡಗಳಲ್ಲಿ ಇಂದು ಇದ್ದವರು ನಾಳೆ ಇರುವುದಿಲ್ಲವಾದ್ದರಿಂದ, ಏನನ್ನು ನೋಡಿ ಆರಿಸಬೇಕು ಎಂಬುದೇ ಓದುವವರಿಗೆ ಹೆಚ್ಚು ಬೇಕಾದದ್ದು.

ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರ ಹೆಸರು ಈ ಬರಹದಲ್ಲಿ ಮತ್ತೆ ಮತ್ತೆ ಬರುವುದಕ್ಕೆ ಅಪ್ಪನೇ ಕಾರಣ. 1933ರಲ್ಲಿ ಹುಟ್ಟಿದ ಅಪ್ಪ ಆರೋಗ್ಯ ಇಲಾಖೆಯಲ್ಲಿ ಹೆಲ್ತ್ ಇನ್‌ಸ್ಪೆಕ್ಟರ್ ಆಗಿದ್ದರು. 1991ರಲ್ಲಿ ನಿವೃತ್ತರಾಗುವ ಮುಂಚಿನ ಆರೇಳು ವರ್ಷ, ಯಾದಗಿರಿಯು ಇನ್ನೂ ಗುಲಬರ್ಗಾ ಜಿಲ್ಲೆಯಲ್ಲೇ ಇದ್ದ ಕಾಲದಲ್ಲಿ, ಶಹಾಪುರ, ಸುರಪುರದ ಕಡೆಯ ಹಳ್ಳಿಗಳಲ್ಲಿ ನಾರುಹುಣ್ಣಿನ ನಿರ್ಮೂಲನೆಯ ಕೆಲಸ ಮಾಡಿದ್ದರು. ಮೆಟ್ಟಿಲು ಬಾವಿಯ ನೀರನ್ನು ಸೋಸದೆ ಕುಡಿದವರ ಹೊಟ್ಟೆ ಸೇರಿದ ಮರಿ, ವರ್ಷ ಕಳೆಯುವುದರೊಳಗೆ ಗಜದುದ್ದದ ಬಿಳಿ ದಾರದಂಥ ಹುಳವಾಗಿ ಕಾಲಿನ ಗುಳ್ಳೆ ಒಡೆದು ಹೊರಬರುತ್ತಿತ್ತು; ಉರಿ ತಾಳಲಾರದೆ ಆ ಕಾಲನ್ನು ಬಾವಿಯ ನೀರಿಗೆ ಇಳಿಸಿದರೆ ಹುಳವು ಅಲ್ಲಿ ಲೆಕ್ಕವಿಲ್ಲದಷ್ಟು ಮರಿಗಳನ್ನು ಬಿಡುತ್ತಿತ್ತು. ಅದಕ್ಕೆ ಔಷಧವೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಹುಳದ ತುದಿಯನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆಯಬೇಕಿತ್ತು. ಅವಸರ ಮಾಡಿದರೆ ಹರಿದು ಒಳಗೇ ಉಳಿದು ಕೀವಾಗುತ್ತಿತ್ತು. ಬಾವಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕುವುದು, ಮೆಟ್ಟಿಲು ಮುಚ್ಚಿಸಿ ಸೇದುವ ಬಾವಿ ಮಾಡಿಸುವುದು, ಮನೆ ಮನೆಗೆ ಹೋಗಿ ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸುವುದು, ಇವೇ ಅಪ್ಪನವರ ಕೈಯಲ್ಲಿದ್ದ ದಾರಿಗಳು. ಭಾರತದ ಕೊನೆಯ ರೋಗಿ 1996ರಲ್ಲಿ ರಾಜಸ್ಥಾನದಲ್ಲಿ ಕಂಡುಬಂದು, 2000ನೆಯ ಇಸವಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೇಶವನ್ನು ನಾರುಹುಣ್ಣುಮುಕ್ತವೆಂದು ಘೋಷಿಸಿದಾಗ ಅಪ್ಪ ಓಣಿಗೆಲ್ಲ ಪೇಡಾ ಹಂಚಿದ್ದರು. ಜಗತ್ತಿನ ಮಟ್ಟದಲ್ಲಿ ಆ ಕೆಲಸವನ್ನು 1986ರಿಂದ ಹೆಗಲ ಮೇಲೆ ಹೊತ್ತದ್ದು ಕಾರ್ಟರ್ ಕೇಂದ್ರ. ಆಗ 35 ಲಕ್ಷವೆಂದು ಅಂದಾಜಿಸಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿದಿತ್ತು. ಹೀಗಾಗಿ ಕಾರ್ಟರ್ ಎಂದರೆ ಅಪ್ಪನಿಗೆ ತಮ್ಮ ಇಲಾಖೆಯ ಮೇಲಧಿಕಾರಿಯೊಬ್ಬರ ಹೆಸರು ಕೇಳಿದಂತೆ ಆಗುತ್ತಿತ್ತು.

2023ರ ಫೆಬ್ರವರಿ 18ರಂದು, ಮೇಲಿಂದ ಮೇಲೆ ಆಸ್ಪತ್ರೆ ಸೇರಿ ಬರುತ್ತಿದ್ದ ಕಾರ್ಟರ್ ಉಳಿದ ಕಾಲವನ್ನು ಮನೆಯಲ್ಲಿಯೇ, ಹಾಸ್ಪೀಸ್ ಆರೈಕೆಯಲ್ಲಿ ಕಳೆಯಲು ನಿರ್ಧರಿಸಿದ್ದಾರೆ ಎಂಬ ಪ್ರಕಟಣೆ ಹೊರಬಿತ್ತು. ಕಾಯಿಲೆಯನ್ನು ಗುಣಪಡಿಸುವ ಯತ್ನವನ್ನು ಬಿಟ್ಟು, ನೋವು, ಉಬ್ಬಸ, ಸಂಕಟಗಳನ್ನು ಮಾತ್ರ ತಗ್ಗಿಸುತ್ತ, ರೋಗಿಯನ್ನು ಅವನ ಮನೆಯವರ ನಡುವೆ ಇರಿಸುವುದು ಹಾಸ್ಪೀಸ್ ಪದ್ಧತಿ. ಅಮೆರಿಕದಲ್ಲಿ ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರ್ ಇದರ ಖರ್ಚನ್ನು ಕೊಡುವಂತೆ ಕಾನೂನಾದದ್ದು 1982ರಲ್ಲಿ. ಅದಕ್ಕೆ ಸಹಿ ಹಾಕಿದವರು ಕಾರ್ಟರ್ ಅವರನ್ನು ಚುನಾವಣೆಯಲ್ಲಿ ಸೋಲಿಸಿದ ರೊನಾಲ್ಡ್ ರೇಗನ್. ರೋಗಿ ಇನ್ನು ಆರು ತಿಂಗಳೊಳಗೆ ತೀರಿಕೊಳ್ಳಬಹುದೆಂದು ವೈದ್ಯರು ಬರೆದುಕೊಟ್ಟರೆ ಮಾತ್ರ ಈ ಸೌಲಭ್ಯ ಸಿಗುತ್ತದೆ. ಆಗ ಕಾರ್ಟರ್ ಅವರಿಗೆ 98 ವರ್ಷ. ಪತ್ರಿಕೆಯಲ್ಲಿ ಈ ಸುದ್ದಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಅಪ್ಪ ನನ್ನನ್ನು ಕೇಳಿದ್ದರು: "ದವಾಖಾನಿ ಬ್ಯಾಡಂದ್ರ ಮತ್ತ ಯಾರ್ ನೋಡ್ತಾರವ್ವ?" ಆ ದಿನ ನನ್ನ ಬಳಿ ಉತ್ತರವಿರಲಿಲ್ಲ.

ಮೂರೇ ತಿಂಗಳಿಗೆ, ಮೇ ತಿಂಗಳ ಉರಿಬಿಸಿಲಿನ ಒಂದು ನಸುಕಿನಲ್ಲಿ, ಅಪ್ಪ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ತೊಡೆಯ ಕೀಲು ಮುರಿದುಕೊಂಡರು. ಮುಪ್ಪಿನಲ್ಲಿ ಒಂದು ಬೀಳುವಿಕೆ ಎಂಥ ತಿರುವು ಎಂಬುದನ್ನು ಮಾಜಿ ಅಧ್ಯಕ್ಷರ ಆರೋಗ್ಯದ ಚರಿತ್ರೆಯಲ್ಲೂ ಕಾಣಬಹುದು. ರೇಗನ್ 2001ರ ಜನವರಿಯಲ್ಲಿ, 89ನೆಯ ವಯಸ್ಸಿನಲ್ಲಿ, ಮನೆಯಲ್ಲಿ ಬಿದ್ದು ಇದೇ ಕೀಲನ್ನು ಮುರಿದುಕೊಂಡರು. ಅಲ್ಲಿಂದ 2004ರ ಜೂನ್‌ವರೆಗೆ ಅವರ ಬದುಕು ಹೆಚ್ಚಾಗಿ ಹಾಸಿಗೆಯಲ್ಲೇ ಕಳೆಯಿತು. ಕಾರ್ಟರ್ 2019ರ ಮೇ ತಿಂಗಳಲ್ಲಿ ಬೇಟೆಗೆ ಹೊರಟಾಗ ಬಿದ್ದು ತೊಡೆಯ ಕೀಲು ಮುರಿದುಕೊಂಡರು. ಅಕ್ಟೋಬರ್‌ನಲ್ಲಿ ಮತ್ತೆ ಬಿದ್ದು ಹುಬ್ಬಿನ ಮೇಲೆ 14 ಹೊಲಿಗೆ ಹಾಕಿಸಿಕೊಂಡು, ಕಣ್ಣು ಕಪ್ಪಾಗಿದ್ದರೂ ನ್ಯಾಶ್‌ವಿಲ್‌ಗೆ ಹೋಗಿ ಬಡವರ ಮನೆ ಕಟ್ಟುವ ಕೆಲಸದಲ್ಲಿ ನಿಂತರು. ಅದೇ ತಿಂಗಳು ಮೂರನೆಯ ಸಲ ಬಿದ್ದು ಸೊಂಟದ ಎಲುಬಿಗೆ ಪೆಟ್ಟು ಮಾಡಿಕೊಂಡರು. ನವೆಂಬರ್‌ನಲ್ಲಿ, ಬಿದ್ದ ಪೆಟ್ಟಿನಿಂದ ಮಿದುಳಿನ ಮೇಲೆ ರಕ್ತ ಸೋರಿ ಆಗಿದ್ದ ಒತ್ತಡವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಯಿತು. ಚರ್ಮದ ಕ್ಯಾನ್ಸರ್ 2015ರಲ್ಲಿ ಯಕೃತ್ತಿಗೂ ಮಿದುಳಿಗೂ ಹರಡಿದ್ದರೂ, ಆಗ ಹೊಸದಾಗಿ ಬಂದಿದ್ದ ಪೆಂಬ್ರೊಲಿಜುಮ್ಯಾಬ್ ಎಂಬ ಔಷಧದಿಂದ ಅದನ್ನು ಗೆದ್ದು ಬಂದ ಮನುಷ್ಯನನ್ನು ಒಂದೇ ವರ್ಷದಲ್ಲಿ ಮೂರು ಬೀಳುವಿಕೆಗಳು ಅಷ್ಟು ಕುಗ್ಗಿಸಿದವು.

ಅಪ್ಪನ ಶಸ್ತ್ರಚಿಕಿತ್ಸೆ ನಗರದ ಒಂದು ಖಾಸಗಿ ಆಸ್ಪತ್ರೆಯಲ್ಲಾಯಿತು. ಎಲುಬು ಕೂಡಿಕೊಂಡಿತು, ಮೊದಲೇ ಸೋತಿದ್ದ ಹೃದಯ ಮಾತ್ರ ಇನ್ನಷ್ಟು ಸೋತಿತು. ಒಂಬತ್ತು ದಿನಗಳಿಗೆ ಬಿಲ್ಲು 2 ಲಕ್ಷ 60 ಸಾವಿರ ರೂಪಾಯಿ. ಮನೆಗೆ ಕಳಿಸುವಾಗ ಕೈಗಿಟ್ಟ ಕಾಗದದಲ್ಲಿ ಹನ್ನೊಂದು ಮಾತ್ರೆಗಳ ಹೆಸರಿದ್ದವು. ಮಗ್ಗಲು ಹೇಗೆ ಬದಲಿಸಬೇಕು, ಕುಡಿಸುವಾಗ ತಲೆ ಹೇಗೆ ಹಿಡಿಯಬೇಕು ಎಂಬ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಜೂನ್‌ನಲ್ಲಿ ನಾವು ಕರೆಸಿದ ಮೊದಲ ಏಜೆನ್ಸಿಯು "ತರಬೇತಾದ ಸಿಬ್ಬಂದಿ" ಎಂದು ಹೇಳಿ ಕಳಿಸಿದ್ದು ಇಪ್ಪತ್ತರ ಹರೆಯದ ಒಬ್ಬ ಹುಡುಗನನ್ನು. ಅವನು ಅದಕ್ಕೂ ಮುಂಚಿನ ತಿಂಗಳವರೆಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದವನು. ತಪ್ಪು ಅವನದಲ್ಲ, ಅವನಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಅಪ್ಪನನ್ನು ನೆಟ್ಟಗೆ ಅಂಗಾತ ಮಲಗಿಸಿ, ನೋವಾದೀತೆಂಬ ಪ್ರೀತಿಯಿಂದಲೇ, ತಾಸುಗಟ್ಟಲೆ ಮುಟ್ಟದೆ ಬಿಡುತ್ತಿದ್ದನು. ಜುಲೈ ಕೊನೆಗೆ ಬೆನ್ನಿನ ಕೆಳಗೆ, ಬಾಲದ ಎಲುಬಿನ ಮೇಲೆ, ಒಂದು ರೂಪಾಯಿ ನಾಣ್ಯದಷ್ಟು ಕೆಂಪು ಕಲೆ ಕಂಡಿತು. ಎರಡು ವಾರದಲ್ಲಿ ಅದು ಹೆಬ್ಬೆರಳು ಹೋಗುವಷ್ಟು ಆಳದ ಗಾಯವಾಯಿತು. ಏಜೆನ್ಸಿಗೆ ಫೋನ್ ಮಾಡಿದರೆ, ವಯಸ್ಸಾದವರಿಗೆ ಇದು ಆಗುವುದೇ ಎಂಬ ಉತ್ತರ ಬಂತು. ಆಗುವುದೇ ಅಲ್ಲ, ಎರಡೆರಡು ತಾಸಿಗೊಮ್ಮೆ ಮಗ್ಗಲು ಬದಲಿಸಿದರೆ ಬಹುಪಾಲು ತಪ್ಪಿಸಬಹುದಾದ ಹುಣ್ಣು ಅದು. ಈ ಮಾತನ್ನು ನಾನು ಕಲಿತದ್ದು ಎರಡನೆಯ ತಂಡದಿಂದ.

ಎರಡನೆಯ ತಂಡದ ನರ್ಸ್ ಮೊದಲ ದಿನ ಬಂದಾಗ ರಕ್ತದೊತ್ತಡ ನೋಡುವ ಯಂತ್ರವನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ. ಮೊದಲು ಅಪ್ಪನ ಹಿಮ್ಮಡಿಗಳನ್ನು ಎತ್ತಿ ನೋಡಿದರು, ಆಮೇಲೆ ಮೊಣಕೈ, ಕಿವಿಯ ಹಿಂಭಾಗ, ಬೆನ್ನು. ಬಾಯಿ ತೆರೆಸಿ ಬ್ಯಾಟರಿಯ ಬೆಳಕಿನಲ್ಲಿ ನಾಲಿಗೆ ನೋಡಿದರು. ಅದು ಒಣಗಿ, ಬಿರಿದ ಎರೆಭೂಮಿಯಂತಾಗಿತ್ತು. ಬಿಳಿ ಮಲ್ಲು ಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿ, ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಒಸಡಿನಿಂದ ಹೊರಕ್ಕೆ, ಮೇಲಿನಿಂದ ಕೆಳಕ್ಕೆ, ಪದರ ಪದರವಾಗಿ ಆ ಕೊಳೆಯನ್ನು ತೆಗೆದು, ತುಟಿಗೆ ಕೊಬ್ಬರಿ ಎಣ್ಣೆ ಸವರಿದರು. ಅಷ್ಟಾಗುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಎರಡು ತಿಂಗಳಿಂದ "ಬಾಯಿ ಕಹಿ" ಎಂದು ಊಟ ಬಿಟ್ಟಿದ್ದ ಅಪ್ಪ ಅಂದು ಮಧ್ಯಾಹ್ನ ಜೋಳದ ಗಂಜಿಯನ್ನು ಕೇಳಿ ಕುಡಿದರು. ಹಸಿವು ಹೋಗಿರಲಿಲ್ಲ, ಬಾಯಿಯನ್ನು ಯಾರೂ ನೋಡಿರಲಿಲ್ಲ. ನಾನು ಮತ್ತು ನನ್ನ ನಾದಿನಿ ನಿಂತು ನೋಡುತ್ತಿದ್ದೆವು. ಮರುದಿನ ನಮ್ಮ ಕೈಯಿಂದಲೇ ಅದನ್ನು ಮಾಡಿಸಿದರು, ತಪ್ಪಾದಲ್ಲಿ ಕೈಹಿಡಿದು ತಿದ್ದಿದರು. ಕೂತಂತೆ ಎತ್ತರಿಸಿ, ಗದ್ದವನ್ನು ಎದೆಯ ಕಡೆಗೆ ಬಾಗಿಸಿ, ಅರ್ಧ ಚಮಚೆಯಷ್ಟೇ ಕೊಟ್ಟು, ನುಂಗಿದ್ದನ್ನು ಕಂಡ ಮೇಲೆ ಮುಂದಿನದನ್ನು ಕೊಡಬೇಕೆಂಬುದನ್ನೂ, ನೀರು ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆಂಬುದನ್ನೂ ಅವರೇ ಹೇಳಿಕೊಟ್ಟರು. ರೇಗನ್ ಕೊನೆಯುಸಿರು ಎಳೆದದ್ದು ನ್ಯುಮೋನಿಯಾದಿಂದಲೇ ಎಂದು ಆಮೇಲೆ ಓದಿದಾಗ, ಆ ಅರ್ಧ ಚಮಚೆಯ ಬೆಲೆ ನನಗೆ ಇನ್ನಷ್ಟು ತಿಳಿಯಿತು.

ಮನೆಯವರಿಗೆ ಕಲಿಸುವ ಈ ಗುಣವನ್ನೇ ನಾನು ಈ ಸೇವೆಯ ಮೊದಲ ಯೋಗ್ಯತೆಯೆಂದು ಹೇಳುತ್ತೇನೆ. ತಮ್ಮ ಕೆಲಸವನ್ನು ಗುಟ್ಟು ಮಾಡಿ ಇಟ್ಟುಕೊಳ್ಳುವ ಏಜೆನ್ಸಿಗಳು ಬೇಕಾದಷ್ಟಿವೆ. ಹಗಲು ಹನ್ನೆರಡು ತಾಸು ಇರುತ್ತಿದ್ದ ಸಹಾಯಕ ಅಫಜಲಪುರ ತಾಲ್ಲೂಕಿನವನು. ಓದಿದ್ದು ಕಡಿಮೆಯಾದರೂ ನಾಲ್ಕು ವರ್ಷ ಇದೇ ಕೆಲಸ ಮಾಡಿದ್ದನು. ಗಾಯ ತೊಳೆದು ಪಟ್ಟಿ ಬದಲಿಸಲು ವಾರಕ್ಕೆ ಎರಡು ಸಲ ನರ್ಸ್ ಬರುತ್ತಿದ್ದರು. ಮೊದಮೊದಲು ಅವರ ಕೈ ಬಿರುಸಾದಾಗ ಅಪ್ಪ, "ನಾರುಹುಣ್ಣಿನ ಹುಳ ಸುತ್ತಿದಂಗ ಸಾವಕಾಶ ಮಾಡವ್ವ" ಎನ್ನುತ್ತಿದ್ದರು. ಆ ಹುಡುಗಿಗೆ ಆ ಮಾತು ತಿಳಿಯಲಿಲ್ಲ, ಅವಳು ಹುಟ್ಟುವ ಹೊತ್ತಿಗೆ ಆ ರೋಗವೇ ನಮ್ಮ ಸೀಮೆಯಲ್ಲಿ ಉಳಿದಿರಲಿಲ್ಲ. ಅಪ್ಪ ಅವಳಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಲೇ ಪೂರ್ತಿ ವಿವರಿಸಿದರು. ಗಾಯ ಮಾಯಲು ನಾಲ್ಕೂವರೆ ತಿಂಗಳು ಬೇಕಾಯಿತು. ಆದರೂ ಮಾಯಿತು, ಮತ್ತೆ ಆಗಲೇ ಇಲ್ಲ.

ನೀರಿನ ಹಾಸಿಗೆ ಬೇಡ, ಗಾಳಿಯ ಹಾಸಿಗೆ ತನ್ನಿ ಎಂದು ಅವರು ಹೇಳಿದ್ದು ಸರಿಯಾಯಿತು. ಏರ್ ಬೆಡ್ಡಿನ ಕೋಶಗಳು ಸರದಿಯಲ್ಲಿ ಉಬ್ಬುತ್ತ ಇಳಿಯುತ್ತ ಒಂದೇ ಜಾಗದ ಮೇಲೆ ಒತ್ತಡ ಬೀಳದಂತೆ ನೋಡಿಕೊಳ್ಳುತ್ತವೆ. ಕಲಬುರಗಿಯಲ್ಲಿ ಒಂದು ತೊಡಕಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿದಾಗ ಕರೆಂಟು ಹೋಗುತ್ತದೆ. ಮೋಟರು ನಿಂತರೆ ಹಾಸಿಗೆ ಮೆಲ್ಲಗೆ ಇಳಿದು ಅಪ್ಪ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಬರುತ್ತಿದ್ದರು. ಇನ್ವರ್ಟರಿನ ಲೈನಿಗೆ ಮೋಟರು ಹಾಕಿಸಿ ಎಂದು ತಂಡ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಒಂದು ರಾತ್ರಿ ಕಷ್ಟಪಟ್ಟ ಮೇಲೆ ನಾವೇ ಹಾಕಿಸಿದೆವು. ಪ್ಲಾಸ್ಟಿಕ್ ಹಾಸಿಗೆಯ ಮೇಲೆ ಬೆವರು ನಿಲ್ಲುವುದರಿಂದ, ಹಳೆಯ ನೂಲಿನ ಧೋತರವನ್ನು ಎರಡು ಮಡಿಕೆ ಮಾಡಿ ಹಾಸಿ ದಿನಕ್ಕೆ ಮೂರು ಸಲ ಬದಲಿಸುವ ಉಪಾಯ ಅವ್ವನದು. ಆ ಸಹಾಯಕ ಅದನ್ನು ಈಗ ಬೇರೆ ಮನೆಗಳಲ್ಲೂ ಹೇಳುತ್ತಿದ್ದಾನಂತೆ.

ಅಮೆರಿಕದ ಅಧ್ಯಕ್ಷರು ಇಷ್ಟು ದೀರ್ಘಕಾಲ ಹೇಗೆ ಬದುಕುತ್ತಾರೆ ಎಂಬುದು ನಮ್ಮ ಮನೆಯ ಮಾತುಕತೆಯಲ್ಲಿ ಆಗಾಗ ಬರುತ್ತಿತ್ತು. ಎರಡನೆಯ ಅಧ್ಯಕ್ಷ ಜಾನ್ ಆಡಮ್ಸ್ 1826ರಲ್ಲಿ ತೀರಿಕೊಂಡಾಗ ಅವರಿಗೆ 90 ವರ್ಷ; ಆ ದಾಖಲೆಯನ್ನು ರೇಗನ್ ಮುರಿಯುವುದಕ್ಕೆ 2001 ಬರಬೇಕಾಯಿತು. ಆಮೇಲೆ ಸಾಲಾಗಿ ಬಂದವು: ರೇಗನ್ ಮತ್ತು ಜೆರಾಲ್ಡ್ ಫೋರ್ಡ್ ಇಬ್ಬರೂ 93, ಹಿರಿಯ ಜಾರ್ಜ್ ಬುಷ್ 94, ಕಾರ್ಟರ್ 100. ಸಹಜ ಕಾರಣಗಳಿಂದ ತೀರಿಕೊಂಡ 34 ಅಧ್ಯಕ್ಷರಲ್ಲಿ 23 ಮಂದಿ ತಮ್ಮ ಕಾಲದ, ತಮ್ಮ ವಯಸ್ಸಿನ ಗಂಡಸರ ಸರಾಸರಿಗಿಂತ ಹೆಚ್ಚು ಬಾಳಿದರೆಂದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು; ಓದು, ಹಣ ಮತ್ತು ಒಳ್ಳೆಯ ವೈದ್ಯರು ಕೈಗೆಟಕುವುದೇ ಕಾರಣವೆಂದು ಅದನ್ನು ಬರೆದವರು ಹೇಳಿದ್ದರು. ಅಧಿಕಾರದಲ್ಲಿ ತಲೆ ನರೆತಂತೆ ಕಂಡರೂ ಆಯುಷ್ಯ ಕುಗ್ಗುವುದಿಲ್ಲವೆಂದಾಯಿತು. ಆಯುಷ್ಯ ಸಿಕ್ಕ ಮಾತ್ರಕ್ಕೆ ಆರೋಗ್ಯ ಸಿಗುವುದಿಲ್ಲ. ತಮ್ಮ 90ನೆಯ ಹುಟ್ಟುಹಬ್ಬಕ್ಕೆ ಹೆಲಿಕಾಪ್ಟರಿನಿಂದ ಧುಮುಕಿದ ಹಿರಿಯ ಬುಷ್, ಕಾಲುಗಳ ಶಕ್ತಿ ಕಸಿದ ಪಾರ್ಕಿನ್ಸನ್‌ಮಾದರಿಯ ಕಾಯಿಲೆಯಿಂದ ವರ್ಷಗಟ್ಟಲೆ ಗಾಲಿ ಕುರ್ಚಿಯಲ್ಲಿದ್ದರು. ಬಿಲ್ ಕ್ಲಿಂಟನ್‌ಗೆ 2004ರಲ್ಲೇ ಹೃದಯದ ಬೈಪಾಸ್ ಆಗಿದೆ. ಜೋ ಬೈಡನ್ ಅಧಿಕಾರ ಬಿಟ್ಟ ನಾಲ್ಕೇ ತಿಂಗಳಿಗೆ, 2025ರ ಮೇ ತಿಂಗಳಲ್ಲಿ, ಎಲುಬಿಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದೆಯೆಂದು ಪ್ರಕಟಿಸಿದರು. ಒಳ್ಳೆಯ ಔಷಧ ವರ್ಷಗಳನ್ನು ಕೂಡಿಸುತ್ತದೆ. ಆ ವರ್ಷಗಳಲ್ಲಿ ಮಗ್ಗಲು ಬದಲಿಸುವವರು, ಬಾಯಿ ಒರೆಸುವವರು ಬೇಕು. ಕಾರ್ಟರ್ ಅವರಿಗೆ ಅದು ಸಿಕ್ಕಿದ್ದು ಅರಮನೆಯಲ್ಲಲ್ಲ. ಜಾರ್ಜಿಯಾದ ಪ್ಲೇನ್ಸ್ ಎಂಬುದು ಆರುನೂರು ಜನರೂ ಇಲ್ಲದ ಊರು, ನಮ್ಮ ಚಿತ್ತಾಪುರದ ಕಡೆಯ ಒಂದು ತಾಂಡಾದಷ್ಟು; ಅಲ್ಲಿ 1961ರಲ್ಲಿ ಕಟ್ಟಿಸಿದ, ಎರಡು ಮಲಗುವ ಕೋಣೆಗಳ ಮನೆ ಅವರದು.

ಖರ್ಚಿನ ಲೆಕ್ಕ ಸ್ಪಷ್ಟವಾಗಿ ಹೇಳುತ್ತೇನೆ. ಹಗಲಿನ ಸಹಾಯಕನಿಗೆ ದಿನಕ್ಕೆ 750 ರೂಪಾಯಿ, ನರ್ಸ್ ಒಮ್ಮೆ ಬಂದರೆ 400, ಹದಿನೈದು ದಿನಕ್ಕೊಮ್ಮೆ ಬರುವ ವೈದ್ಯರಿಗೆ 1,000, ತಲೆಭಾಗ ಎತ್ತುವ ಮಂಚದ ಬಾಡಿಗೆ ತಿಂಗಳಿಗೆ 2,200 ಮತ್ತು ಠೇವಣಿ 6,000. ಏರ್ ಬೆಡ್ಡನ್ನು 4,800ಕ್ಕೆ ಕೊಂಡೆವು. ಡೈಪರು, ಔಷಧ ಎಲ್ಲ ಸೇರಿ ತಿಂಗಳಿಗೆ ಸುಮಾರು 36,000 ಆಗುತ್ತಿತ್ತು. ಅಪ್ಪನ ಪಿಂಚಣಿ ಮುಕ್ಕಾಲು ಭಾಗ ತುಂಬಿತು, ಉಳಿದದ್ದನ್ನು ಹೈದರಾಬಾದಿನಲ್ಲಿರುವ ತಮ್ಮ ಮತ್ತು ನಾನು ಹಾಕಿದೆವು. ಆಸ್ಪತ್ರೆಯ ಒಂಬತ್ತು ದಿನಗಳ ಹಣದಲ್ಲಿ ಮನೆಯಲ್ಲಿ ಏಳು ತಿಂಗಳು ನಡೆಯಿತು. ಪಿಂಚಣಿ ಇಲ್ಲದ ಮನೆಗೆ, ತೊಗರಿಯ ಫಸಲನ್ನೇ ನಂಬಿದ ಮನೆಗೆ, ಇದೂ ಎಟಕುವ ಮೊತ್ತವಲ್ಲ. ಈ ಮಾತು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಸೇವೆಯ ದೊಡ್ಡ ಕೊರತೆ ರಾತ್ರಿ. ರಾತ್ರಿ ಪಾಳಿಗೆ ಜನ ಇದ್ದಾರೆಂದು ಒಪ್ಪಂದದಲ್ಲಿ ಬರೆದಿದ್ದರೂ ಹದಿನೈದು ತಿಂಗಳಲ್ಲಿ ನಮಗೆ ಸಿಕ್ಕಿದ್ದು ಒಟ್ಟು ಆರು ವಾರ ಇರಬಹುದು. ದೀಪಾವಳಿಗೆ, ಶರಣಬಸವೇಶ್ವರರ ಜಾತ್ರೆಗೆ ಎಲ್ಲರೂ ಊರಿಗೆ ಹೋಗುತ್ತಾರೆ. ಹೋಗಬೇಕಾದದ್ದೇ, ಆದರೆ ಬದಲಿ ಏರ್ಪಾಡು ಇರಬೇಕು. ಫೋನಿನಲ್ಲಿ ಮಾತ್ರ ರಾತ್ರಿ ಎರಡು ಗಂಟೆಗೂ ಸಿಗುತ್ತಿದ್ದರು, ಅದನ್ನು ಮರೆಯಲಾರೆ. ಇನ್ನೊಂದು ಕೊರತೆಗೆ ತಂಡವನ್ನು ದೂರಲಾಗದು. ಕೊನೆಯ ಎರಡು ತಿಂಗಳು ಅಪ್ಪನ ಉಬ್ಬಸ ಹೆಚ್ಚಾದಾಗ ವೈದ್ಯರು ಅತಿ ಕಡಿಮೆ ಪ್ರಮಾಣದ ಮಾರ್ಫಿನ್ ಬರೆದುಕೊಟ್ಟರು. ಅದು ಸಾಮಾನ್ಯ ಔಷಧದ ಅಂಗಡಿಯಲ್ಲಿ ಸಿಗುವ ಮಾತ್ರೆಯಲ್ಲ, ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಮಾತ್ರ ದೊರೆಯುತ್ತದೆ. ಮಾದಕ ವಸ್ತುಗಳ ಕಾಯ್ದೆಯನ್ನು 2014ರಲ್ಲಿ ತಿದ್ದಿ ಹಾದಿ ಸಡಿಲಿಸಿದ್ದರೂ ತಮ್ಮ ಮೂರು ದಿನ ಅಲೆದ ಮೇಲೆ ಅದು ಕೈಸೇರಿತು. ಅಲ್ಲಿಯವರೆಗೆ, ಮುಖಕ್ಕೆ ನೇರವಾಗಿ ಗಾಳಿ ಬೀಸುವಂತೆ ಮೇಜಿನ ಫ್ಯಾನು ಇಟ್ಟು, ಬೆನ್ನಿಗೆ ದಿಂಬು ಕೊಟ್ಟು ಮುಂದಕ್ಕೆ ಒರಗಿಸಿ ಕೂರಿಸಿ ಎಂದು ನರ್ಸ್ ಹೇಳಿಕೊಟ್ಟದ್ದೇ ಅಪ್ಪನನ್ನು ಹಿಡಿದು ನಿಲ್ಲಿಸಿತು.

ಮನಸ್ಸಿನ ಆರೈಕೆಯಲ್ಲಿ ಈ ತಂಡಕ್ಕೆ ವಿಶೇಷ ತರಬೇತಿ ಇದ್ದಂತೆ ಕಾಣಲಿಲ್ಲ. ಆದರೂ ಒಂದು ಸಂಗತಿಯನ್ನು ಬರೆಯಲೇಬೇಕು. 2024ರ ಬೇಸಿಗೆಯಲ್ಲಿ ಅಪ್ಪನಿಗೆ ಸಂಜೆಯಾಗುತ್ತಲೇ ದಿಕ್ಕು ತಪ್ಪುತ್ತಿತ್ತು. ತಾವು ಶಹಾಪುರದ ಕ್ಯಾಂಪಿನಲ್ಲಿದ್ದೇವೆ, ಬಾವಿಗೆ ಔಷಧ ಹಾಕುವುದು ಉಳಿದಿದೆ, ಜೀಪು ಇನ್ನೂ ಬಂದಿಲ್ಲ ಎಂದು ಎದ್ದು ಕೂರಲು ಹೆಣಗುತ್ತಿದ್ದರು. ಅವ್ವ "ಅದೆಲ್ಲಾ ಮುಗ್ದು ಮೂವತ್ತ್ ವರ್ಷ ಆತು" ಎಂದಷ್ಟೂ ಸಿಟ್ಟಾಗುತ್ತಿದ್ದರು. ಒಂದು ದಿನ ಆ ಸಹಾಯಕ ಮಂಚದ ಪಕ್ಕ ಕೂತು, ಅವರ ಅಂಗೈ ತನ್ನ ಎರಡು ಕೈಯಲ್ಲಿ ಹಿಡಿದು, "ಸಾಹೇಬ್ರ, ಮೂರೂ ಬಾವಿಗಿ ಔಷಧ ಹಾಕೇವ್ರಿ, ರಜಿಸ್ಟರ್‌ನ್ಯಾಗ ಬರದೇವ್ರಿ" ಎಂದನು. ಅಪ್ಪ ಎಷ್ಟು ಲೀಟರಿನ ಬಾವಿ, ಎಷ್ಟು ಔಷಧ ಎಂದು ಕೇಳಿದರು. ಅವನು ತೋಚಿದ್ದನ್ನು ಹೇಳಿದನು. ಅಪ್ಪ ಲೆಕ್ಕ ತಿದ್ದಿ, ತೃಪ್ತಿಯಿಂದ ಕಣ್ಣು ಮುಚ್ಚಿದರು. ರೇಗನ್ 1994ರ ನವೆಂಬರ್ 5ರಂದು ತಮಗೆ ಅಲ್ಜೈಮರ್ ಇದೆಯೆಂದು ಸ್ವಂತ ಕೈಯಿಂದ ದೇಶದ ಜನರಿಗೆ ಪತ್ರ ಬರೆದು, ಆಮೇಲಿನ ಹತ್ತು ವರ್ಷ ಮೆಲ್ಲಮೆಲ್ಲಗೆ ಎಲ್ಲವನ್ನೂ ಮರೆತರು. ತಾನು ಯಾರಾಗಿದ್ದೆ ಎಂಬುದು ಅಳಿಸುತ್ತಿರುವಾಗ ಎದುರಿಗಿರುವವರು ಅದನ್ನು ಕಿತ್ತುಕೊಳ್ಳಬಾರದು ಎಂಬುದನ್ನು ಅಫಜಲಪುರದ ಆ ಹುಡುಗ ಯಾವ ಪುಸ್ತಕವನ್ನೂ ಓದದೆ ತಿಳಿದಿದ್ದನು.

ವೈದ್ಯರು ಮಾಡಿಸಿದ ಒಂದು ಕೆಲಸಕ್ಕೆ ನಾನು ಈ ಸೇವೆಗೆ ಹೆಚ್ಚಿನ ಅಂಕ ಕೊಡುತ್ತೇನೆ. ಮೊದಲ ತಿಂಗಳಲ್ಲೇ, ಅಪ್ಪನ ಬುದ್ಧಿ ಚುರುಕಾಗಿದ್ದಾಗ, ಮುಂದೆ ಏನು ಬೇಕು, ಏನು ಬೇಡ ಎಂದು ನಮ್ಮೆಲ್ಲರ ಎದುರು ಅವರನ್ನೇ ಕೇಳಿದರು. ಅಪ್ಪ ಒಂದು ಹಾಳೆಯಲ್ಲಿ, ನಡುಗುವ ಕೈಯಿಂದ, ಉಸಿರಾಟದ ಯಂತ್ರಕ್ಕೆ ಹಾಕಬಾರದು, ಐಸಿಯುಗೆ ಒಯ್ಯಬಾರದು, ಮನೆಯಲ್ಲೇ ಇರಿಸಬೇಕು ಎಂದು ಬರೆದರು. ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ನೋಟರಿಯಿಂದ ದೃಢೀಕರಿಸಿದೆವು. ಸುಪ್ರೀಂ ಕೋರ್ಟು 2018ರಲ್ಲಿ ಇದಕ್ಕೆ ಮನ್ನಣೆ ನೀಡಿ, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿದೆ; 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರವೂ ಅದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. 1994ರಲ್ಲಿ ಪಾರ್ಶ್ವವಾಯು ಬಡಿದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಅವರನ್ನು ಕೃತಕ ಉಸಿರಾಟಕ್ಕೆ ಹಾಕದಿದ್ದುದು ಅವರು ಮೊದಲೇ ಬರೆದಿಟ್ಟಿದ್ದ ಇಂಥದೇ ಇಚ್ಛಾಪತ್ರದ ಕಾರಣದಿಂದ. ಹಿರಿಯ ಬುಷ್ ಅವರ ಪತ್ನಿ ಬಾರ್ಬರಾ ಬುಷ್ 2018ರ ಏಪ್ರಿಲ್‌ನಲ್ಲಿ ಇನ್ನು ಚಿಕಿತ್ಸೆ ಬೇಡ, ನೆಮ್ಮದಿಯ ಆರೈಕೆ ಸಾಕು ಎಂದು ತಿಳಿಸಿದ ಎರಡೇ ದಿನಕ್ಕೆ ತೀರಿಕೊಂಡರು. 2024ರ ಅಕ್ಟೋಬರ್‌ನಲ್ಲಿ ಅಪ್ಪನ ಸ್ಥಿತಿ ಬಿಗಡಾಯಿಸಿ, ಬಂಧುಗಳೆಲ್ಲ ದವಾಖಾನೆಗೆ ಒಯ್ಯಿರಿ ಎಂದು ಒತ್ತಾಯಿಸಿದ ಆ ರಾತ್ರಿ, ಆ ಒಂದು ಹಾಳೆ ಇಲ್ಲದಿದ್ದರೆ ನಾನೂ ತಮ್ಮನೂ ಮೆತ್ತಗಾಗಿ ಆಂಬುಲೆನ್ಸ್ ಕರೆಸಿಬಿಡುತ್ತಿದ್ದೆವು.

ಆರೈಕೆ ಮಾಡುವವರನ್ನು ಯಾರು ನೋಡಬೇಕು ಎಂಬ ಪ್ರಶ್ನೆಯನ್ನು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕಾರ್ಟರ್ ಅವರ ಪತ್ನಿ ರೊಸಾಲಿನ್ 1987ರಲ್ಲೇ ಆರೈಕೆ ಮಾಡುವವರಿಗಾಗಿ ಒಂದು ಸಂಸ್ಥೆ ಕಟ್ಟಿದವರು. ಜಗತ್ತಿನಲ್ಲಿ ಆರೈಕೆ ಮಾಡಿದವರು, ಮಾಡುತ್ತಿರುವವರು, ಮುಂದೆ ಮಾಡುವವರು, ಮಾಡಿಸಿಕೊಳ್ಳುವವರು ಎಂಬ ನಾಲ್ಕೇ ಬಗೆಯ ಜನ ಇದ್ದಾರೆಂದು ಹೇಳುತ್ತಿದ್ದರು. ಅವರಿಗೇ ಮರೆಗುಳಿತನ ಬಂದಿರುವುದು 2023ರ ಮೇ ತಿಂಗಳಲ್ಲಿ ತಿಳಿದು, ನವೆಂಬರ್ 19ರಂದು, 96ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಒಂಬತ್ತು ತಿಂಗಳಿಂದ ಹಾಸ್ಪೀಸಿನಲ್ಲಿದ್ದ ಕಾರ್ಟರ್ ಅವರನ್ನು, ಒರಗುವ ಗಾಲಿ ಕುರ್ಚಿಯಲ್ಲಿ ಹೊದಿಕೆ ಹೊದಿಸಿ ಅಟ್ಲಾಂಟಾದ ಚರ್ಚಿಗೆ ಕರೆತಂದ ಚಿತ್ರವನ್ನು ನಾನು ಅಪ್ಪನಿಗೆ ಮೊಬೈಲಿನಲ್ಲಿ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿ, ಪಕ್ಕದಲ್ಲಿ ಕೂತಿದ್ದ ಅವ್ವನ ಕಡೆ ಕೈ ಚಾಚಿದರು. ಮರುವಾರ ನರ್ಸ್ ಬಂದಾಗ ನಾವು ಕೇಳದಿದ್ದರೂ ಅವ್ವನ ಸಕ್ಕರೆ, ರಕ್ತದೊತ್ತಡ ನೋಡಿ ಬರೆದಿಟ್ಟರು. ಅಲ್ಲಿಂದ ಮುಂದೆ ಪ್ರತಿ ತಿಂಗಳೂ ನೋಡಿದರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಕಾರ್ಟರ್ 2024ರ ಅಕ್ಟೋಬರ್ 1ಕ್ಕೆ ನೂರು ತುಂಬಿ, 16ರಂದು ಅಂಚೆಯ ಮೂಲಕ ಮತ ಹಾಕಿದರು ಎಂಬುದು ನಾನು ಅಪ್ಪನಿಗೆ ಓದಿ ಹೇಳಿದ ಕೊನೆಯ ಸುದ್ದಿಗಳಲ್ಲಿ ಒಂದು. ನವೆಂಬರ್ ಎರಡನೆಯ ವಾರ, ನಸುಕಿನ ನಾಲ್ಕೂವರೆಗೆ, ಅವ್ವ ಒದ್ದೆ ಬಟ್ಟೆಯಿಂದ ತುಟಿ ತೋಯಿಸುತ್ತಿರುವಾಗಲೇ ಅಪ್ಪನ ಉಸಿರು ನಿಂತಿತು. ಫೋನ್ ಮಾಡಿದ ನಲವತ್ತು ನಿಮಿಷದಲ್ಲಿ ತಂಡದ ವೈದ್ಯರು ಬಂದು ಪರೀಕ್ಷಿಸಿ ಮರಣದ ಕಾರಣದ ಪ್ರಮಾಣಪತ್ರ ಬರೆದುಕೊಟ್ಟರು; ಮನೆಯಲ್ಲಿ ತೀರಿಕೊಂಡಾಗ ಈ ಕಾಗದಕ್ಕಾಗಿ ಎಷ್ಟೋ ಮನೆಯವರು ಪರದಾಡುತ್ತಾರೆ. ಅದರಿಂದಾಗಿ 21 ದಿನಗಳ ಅವಧಿಯೊಳಗೆ ಮಹಾನಗರ ಪಾಲಿಕೆಯಲ್ಲಿ ನೋಂದಣಿ ಸುಲಭವಾಯಿತು. ಅಪ್ಪ ಹೋದ ಏಳು ವಾರಕ್ಕೆ, ಡಿಸೆಂಬರ್ 29ರಂದು, ಕಾರ್ಟರ್ ಪ್ಲೇನ್ಸ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಆರು ತಿಂಗಳ ಲೆಕ್ಕದಲ್ಲಿ ಶುರುವಾದ ಆರೈಕೆ ಇಪ್ಪತ್ತೆರಡು ತಿಂಗಳು ನಡೆದಿತ್ತು.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ರಾತ್ರಿ ಪಾಳಿಯದು. ನೀವು ಇಂಥ ಸೇವೆಯನ್ನು ಹುಡುಕುವವರಾದರೆ, ದಿನದ ದರ ಕೇಳುವ ಮುಂಚೆ ಮಗ್ಗಲು ಎಷ್ಟು ಹೊತ್ತಿಗೊಮ್ಮೆ ಬದಲಿಸುತ್ತೀರಿ ಎಂದು ಫೋನಿನಲ್ಲಿ ಕೇಳಿ, ಉತ್ತರ ತಡವರಿಸಿದರೆ ಬೇರೆಡೆ ನೋಡಿ. ಹಬ್ಬದ ದಿನ ಯಾರು ಬರುತ್ತಾರೆ, ಮನೆಯಲ್ಲೇ ತೀರಿಕೊಂಡರೆ ಪ್ರಮಾಣಪತ್ರ ಕೊಡುವ ವೈದ್ಯರು ಯಾರು ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ಮಂಚವನ್ನು ಹದಿಮೂರನೆಯ ದಿನ ಒಯ್ದರು, ಠೇವಣಿಯ ಆರು ಸಾವಿರವನ್ನು ಕೇಳುವ ಮುಂಚೆಯೇ ಹಿಂದಿರುಗಿಸಿದರು. ಏರ್ ಬೆಡ್ಡು ಈಗ ಶಹಾಬಜಾರದ ಒಂದು ಮನೆಯಲ್ಲಿದೆ. ಕೊಡುವ ಮುಂಚೆ ಮೋಟರಿನ ಪೈಪು ಬದಲಿಸಿ, ಜೊತೆಗೆ ಅಪ್ಪನ ನಾಲ್ಕು ಧೋತರಗಳನ್ನು ಒಗೆದು ಮಡಚಿ ಕೊಟ್ಟಿದ್ದೇವೆ.